ಒಬ್ಬರೇ ಬಳಸುವ ಡೆಸ್ಕ್‌ಟಾಪ್‌ಗೆ ನಿಕ್ಸ್ ಬೇಕೇ?

ಪ್ರಶ್ನೆ: ಹಲವು ವರ್ಷಗಳಿಂದ ಲಿನಕ್ಸ್ ಬಳಸುತ್ತಿದ್ದೇನೆ. ಮನೆಯಲ್ಲಿ ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಇವೆ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಏನಾದರೊಂದು ಕೆಡುತ್ತದೆ. ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು ಅಭ್ಯಾಸವೇ ಆಗಿಬಿಟ್ಟಿದೆ. ‘ತಂತ್ರಾಂಶಗಳನ್ನು ಹಾಕಿ ತೆಗೆಯುವ ಪ್ಯಾಕೇಜ್ ಮ್ಯಾನೇಜರ್ ಆದ ನಿಕ್ಸ್‌ಗೆ ಬನ್ನಿ, ಎಲ್ಲವನ್ನೂ ಡಿಕ್ಲರೇಟಿವ್ ಆಗಿ, ಅಂದರೆ ಸಿಸ್ಟಮ್ ಕೊನೆಗೆ ಹೇಗಿರಬೇಕು ಎಂದು, ಒಂದು ಕಡತದಲ್ಲಿ ಬರೆದಿಟ್ಟರೆ ಯಾವಾಗ ಬೇಕಾದರೂ ಅದೇ ಸಿಸ್ಟಮ್ ಮತ್ತೆ ಸಿಗುತ್ತದೆ’ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನೂರಾರು ಸರ್ವರ್ ನೋಡಿಕೊಳ್ಳುವವರಿಗೆ ಅದು ಸರಿ. ಒಬ್ಬನೇ ಬಳಸುವ ಡೆಸ್ಕ್‌ಟಾಪ್‌ಗೆ ಇಷ್ಟೆಲ್ಲ ಬೇಕೇ? ನನ್ನ ತಂಗಿಯ ಲ್ಯಾಪ್‌ಟಾಪನ್ನೂ ನಾನೇ ನೋಡಿಕೊಳ್ಳುತ್ತೇನೆ. ಅವಳಿಗೆ ಕಂಪ್ಯೂಟರ್ ಕೆಲಸ ಮಾಡಿದರೆ ಸಾಕು, ಒಳಗಿನ ವಿಚಾರ ಬೇಡ. ಅದಕ್ಕೂ ಹಾಕಬಹುದೇ?

ಉತ್ತರ: ಸರ್ವರ್‌ಗೆ ಶಿಸ್ತು ಬೇಕು, ಡೆಸ್ಕ್‌ಟಾಪ್ ಹೇಗೋ ನಡೆದುಹೋಗುತ್ತದೆ ಎಂದು ನೀವು ಅಂದುಕೊಂಡಂತಿದೆ. ನನಗೆ ಕಂಡದ್ದು ಇದಕ್ಕೆ ತದ್ವಿರುದ್ಧ. ಸರ್ವರ್ ಮಾಡುವ ಕೆಲಸ ಒಂದೋ ಎರಡೋ. ಅದರಲ್ಲಿ ಏನಿದೆ ಎಂದು ಲೆಕ್ಕವಿಡಲು ಸಂಬಳ ಪಡೆಯುವವರು ಇರುತ್ತಾರೆ. ಕೆಟ್ಟರೆ ಅದನ್ನು ಕಿತ್ತು ಇನ್ನೊಂದನ್ನು ನಿಲ್ಲಿಸುತ್ತಾರೆ. ಡೆಸ್ಕ್‌ಟಾಪ್‌ಗೆ ಆ ಭಾಗ್ಯವಿಲ್ಲ. ಒಂದೇ ಒಂದು ವಿಡಿಯೊ ಕತ್ತರಿಸಲು ಹಾಕಿಕೊಂಡ ತಂತ್ರಾಂಶ, ಈಗ ಮನೆಯಲ್ಲೇ ಇಲ್ಲದ ಪ್ರಿಂಟರ್‌ನ ಡ್ರೈವರ್, ಬ್ಲೂಟೂತ್ ಹೆಡ್‌ಫೋನ್ ಕೈಕೊಟ್ಟ ರಾತ್ರಿ ಎಲ್ಲಿಂದಲೋ ತಂದು ಅಂಟಿಸಿದ ಮೂರು ಸಾಲು, ಎಲ್ಲವೂ ಒಳಗೆ ಉಳಿದುಕೊಳ್ಳುತ್ತವೆ. ಏಕೆ ಹಾಕಿದೆವು ಎಂಬುದು ಮಾತ್ರ ಉಳಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ನೀವು ಎಲ್ಲವನ್ನೂ ಅಳಿಸುವುದಕ್ಕೆ ಅಪ್‌ಡೇಟನ್ನು ದೂರುತ್ತಿದ್ದೀರಿ. ಅಷ್ಟು ಹೊತ್ತಿಗೆ ನಿಮ್ಮ ಕಂಪ್ಯೂಟರ್‌ನಲ್ಲಿ ಏನಿದೆ ಎಂಬುದೇ ನಿಮಗೆ ತಿಳಿಯದಂತಾಗಿರುತ್ತದೆ. ನಿಜವಾದ ಕಾರಣ ಅದು.

ಆದ್ದರಿಂದ ನನ್ನ ಉತ್ತರ: ಹೌದು, ಡೆಸ್ಕ್‌ಟಾಪ್‌ಗೆ ಬೇಕು. ಆದರೆ ಸಹೋದ್ಯೋಗಿಗಳು ಹೇಳಿದ ‘ಅದೇ ಸಿಸ್ಟಮ್ ಮತ್ತೆ ಸಿಗುತ್ತದೆ’ ಎಂಬ ಲಾಭವನ್ನು ನಾನು ಎರಡನೆಯ ಸ್ಥಾನಕ್ಕೆ ಇಳಿಸುತ್ತೇನೆ. ಹಾಕಿದ್ದನ್ನು ಗುರುತಿಲ್ಲದಂತೆ ತೆಗೆಯಲು ಸಾಧ್ಯವಾಗುವುದೇ ಮೊದಲ ಲಾಭ.

ಇದು ಹೇಗೆ ಎಂದು ನೋಡಲು ಸ್ವಲ್ಪ ಒಳಗೆ ಇಳಿಯಬೇಕು. ನಾವು ಬಳಸಿ ರೂಢಿಯಾದ ಪ್ಯಾಕೇಜ್ ಮ್ಯಾನೇಜರ್‌ಗಳು, ಅಂದರೆ ಎಪಿಟಿ, ಡಿಎನ್‌ಎಫ್, ಪ್ಯಾಕ್‌ಮ್ಯಾನ್ ಮುಂತಾದವು, ಕಮಾಂಡ್‌ಗಳ ಮೇಲೆ ನಡೆಯುತ್ತವೆ: ಇದನ್ನು ಹಾಕು, ಅದನ್ನು ತೆಗೆ, ಉಳಿದದ್ದನ್ನು ಹೊಸದಾಗಿಸು. ಯಾರಿಗೋ ‘ಎಡಕ್ಕೆ ತಿರುಗಿ, ನೇರ ಹೋಗಿ, ಮೂರನೆಯ ತಿರುವಿನಲ್ಲಿ ಬಲಕ್ಕೆ’ ಎಂದು ದಾರಿ ಹೇಳಿದ ಹಾಗೆ. ಹೊರಟ ಜಾಗ ಸರಿಯಿದ್ದರೆ ಮಾತ್ರ ಸರಿಯಾದ ಮನೆ ತಲುಪುತ್ತಾರೆ. ನಿಮ್ಮ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಒಂದೇ ಕಮಾಂಡ್ ಕೊಟ್ಟರೂ ಫಲ ಬೇರೆಯಾಗುವುದು ಇದರಿಂದಲೇ. ಡಿಕ್ಲರೇಟಿವ್ ವಿಧಾನದಲ್ಲಿ ನೀವು ಕೊಡುವುದು ವಿಳಾಸ. ಕೊನೆಗೆ ಸಿಸ್ಟಮ್ ಹೇಗಿರಬೇಕು ಎಂದಷ್ಟೇ ಬರೆಯುತ್ತೀರಿ. ಇರುವ ಸ್ಥಿತಿಯಿಂದ ಅಲ್ಲಿಗೆ ಹೋಗುವುದು ಪ್ಯಾಕೇಜ್ ಮ್ಯಾನೇಜರ್‌ನ ಹೊಣೆ.

ನಿಕ್ಸ್‌ನ ಮೂಲ ಇರುವುದು ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ. ಏಲ್ಕೊ ಡೋಲ್‌ಸ್ಟ್ರಾ ಅವರು 2003ರಲ್ಲಿ ಆರಂಭಿಸಿದ ಈ ಕೆಲಸ 2006ರಲ್ಲಿ ಅವರ ಪಿಎಚ್‌ಡಿ ಪ್ರಬಂಧವಾಯಿತು. ಇಡೀ ಆಪರೇಟಿಂಗ್ ಸಿಸ್ಟಮನ್ನೇ ಈ ರೀತಿ ಕಟ್ಟುವ ನಿಕ್ಸ್‌ಓಎಸ್ ಅದರ ಬೆನ್ನಿಗೇ ಬಂತು. ಇಲ್ಲಿ ಪ್ರತಿಯೊಂದು ಪ್ಯಾಕೇಜ್ ತನ್ನದೇ ಫೋಲ್ಡರ್‌ನಲ್ಲಿ, ‘ನಿಕ್ಸ್ ಸ್ಟೋರ್’ ಎಂಬ ಒಂದೇ ಜಾಗದಲ್ಲಿ ಇರುತ್ತದೆ. ಆ ಫೋಲ್ಡರ್‌ಗಳ ಹೆಸರನ್ನು ಒಮ್ಮೆ ಕಣ್ಣಾರೆ ನೋಡಿ: ಮೊದಲಿಗೆ ಅರ್ಥವಿಲ್ಲದ 32 ಅಕ್ಷರಗಳು, ಆಮೇಲೆ ಒಂದು ಅಡ್ಡಗೆರೆ, ಆಮೇಲೆ ಪ್ಯಾಕೇಜಿನ ಹೆಸರು ಮತ್ತು ಆವೃತ್ತಿ. ಆ 32 ಅಕ್ಷರಗಳು ಮೂಲ ಕೋಡ್, ಕಂಪೈಲರ್, ಬಳಸಿದ ಲೈಬ್ರರಿಗಳು (ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಕೋಡ್), ಕಟ್ಟುವಾಗ ಕೊಟ್ಟ ಆಯ್ಕೆಗಳು ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದ ಹ್ಯಾಶ್, ಅಂದರೆ ಬೆರಳಚ್ಚಿನಂತಹ ಗುರುತು. ಒಂದು ಲೈಬ್ರರಿ ಬದಲಾದರೂ ಹ್ಯಾಶ್ ಬದಲಾಗುತ್ತದೆ, ಹೊಸ ಫೋಲ್ಡರ್ ಹುಟ್ಟುತ್ತದೆ, ಹಳೆಯದು ಇದ್ದಲ್ಲೇ ಇರುತ್ತದೆ. ಒಳಗಿನ ಕಡತಗಳ ದಿನಾಂಕ ನೋಡಿದರೆ ಇನ್ನೊಂದು ತಮಾಷೆ: ಎಲ್ಲವೂ 1970ರ ಜನವರಿ 1ರವು. ಕಟ್ಟಿದ ಗಳಿಗೆಯ ಗುರುತು ಕೂಡ ಉಳಿಯಬಾರದೆಂದು ಬೇಕೆಂದೇ ಹಾಗೆ ಮಾಡಿದ್ದಾರೆ.

ಒಂದರ ಮೇಲೊಂದು ಬರೆಯುವುದೇ ಇಲ್ಲದ್ದರಿಂದ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಜಗಳವಿಲ್ಲದೆ ಪಕ್ಕಪಕ್ಕದಲ್ಲಿ ಇರಬಲ್ಲವು. ‘ಇದನ್ನು ಹಾಕಲು ಅದನ್ನು ತೆಗೆಯಬೇಕು, ಅದನ್ನು ತೆಗೆದರೆ ಇನ್ನೂ ನಲವತ್ತು ಹೋಗುತ್ತವೆ’ ಎಂಬ ಎಚ್ಚರಿಕೆ ಇಲ್ಲಿ ಬರುವುದಿಲ್ಲ.

ಈಗ ತೆಗೆಯುವ ವಿಚಾರಕ್ಕೆ ಬರುತ್ತೇನೆ. ಪ್ರಿಂಟರ್ ಬೇಕಾಯಿತು ಎನ್ನಿ. ನಿಕ್ಸ್‌ಓಎಸ್‌ನ ಸಂರಚನಾ ಕಡತದಲ್ಲಿ (ಕಾನ್ಫಿಗರೇಶನ್ ಫೈಲ್) ‘ಸರ್ವಿಸಸ್.ಪ್ರಿಂಟಿಂಗ್.ಎನೇಬಲ್ = ಟ್ರೂ’ ಎಂಬ ಒಂದು ಸಾಲು ಬರೆದು ಸಿಸ್ಟಮ್ ಮರುಕಟ್ಟಿದರೆ ಮುದ್ರಣ ಸೇವೆಯಾದ ಕಪ್ಸ್ ಬರುತ್ತದೆ, ಅದರ ಸಂರಚನಾ ಕಡತಗಳು ತಯಾರಾಗುತ್ತವೆ, ಅದಕ್ಕೆಂದೇ ಒಂದು ಬಳಕೆದಾರ ಖಾತೆ ಹುಟ್ಟುತ್ತದೆ, ಸೇವೆ ಆರಂಭವಾಗುತ್ತದೆ. ಆರು ತಿಂಗಳ ಮೇಲೆ ಪ್ರಿಂಟರ್ ಬೇಡವಾದಾಗ ಆ ಸಾಲನ್ನು ಅಳಿಸಿ ಮತ್ತೆ ಕಟ್ಟಿ. ಸೇವೆ ನಿಲ್ಲುತ್ತದೆ, ಖಾತೆಯೂ ಕಡತಗಳೂ ಸಿಸ್ಟಮ್‌ನಿಂದ ಹೋಗುತ್ತವೆ. ಸೇವೆ ಓಡುವಾಗ ತಾನೇ ಬರೆದುಕೊಂಡ ದತ್ತಾಂಶವೊಂದನ್ನು ಬಿಟ್ಟರೆ, ನೀವು ಬರೆದ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅಲ್ಲಿ ಜಾಗವಿಲ್ಲ. ಎಪಿಟಿ ಬಳಸುವ ಡೆಬಿಯನ್ ಮಾದರಿಯ ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡಿ ನೋಡಿ. ಪ್ಯಾಕೇಜ್ ತೆಗೆದ ಮೇಲೂ ಸಂರಚನಾ ಕಡತ ಉಳಿದುಕೊಂಡು, ಪಟ್ಟಿಯಲ್ಲಿ ಹೆಸರಿನ ಪಕ್ಕ ‘ಆರ್‌ಸಿ’ ಎಂಬ ಗುರುತು ಬಿದ್ದಿರುತ್ತದೆ. ಪೂರ್ತಿ ತೆಗೆಯಲು ಬೇರೆ ಕಮಾಂಡ್, ಅನಾಥವಾದ ಅವಲಂಬನೆಗಳಿಗೆ ಇನ್ನೊಂದು. ಅಷ್ಟಾದರೂ ಬಳಕೆದಾರ ಖಾತೆ ಅನೇಕ ವೇಳೆ ಅಲ್ಲೇ ಇರುತ್ತದೆ. ನೀವೇ ಕೈಯಾರೆ ತಿದ್ದಿದ ಕಡತಗಳ ಲೆಕ್ಕವಂತೂ ಯಾರ ಬಳಿಯೂ ಇಲ್ಲ.

ತೆಗೆಯುವುದು ಇಷ್ಟು ಸುಲಭವಾದಾಗ ಹಾಕುವ ಭಯವೂ ಹೋಗುತ್ತದೆ. ಹೊಸ ಡೆಸ್ಕ್‌ಟಾಪ್ ಪರಿಸರ ಹೇಗಿದೆಯೋ ನೋಡೋಣ ಎನಿಸಿದರೆ ಇಂದೇ ನೋಡಬಹುದು. ಒಂದೇ ಸಲಕ್ಕೆ ಬೇಕಾದ ತಂತ್ರಾಂಶಕ್ಕೆ ಇನ್‌ಸ್ಟಾಲ್ ಕೂಡ ಬೇಡ. ನಿಕ್ಸ್ ಶೆಲ್ ಎಂಬ ಸೌಲಭ್ಯದಲ್ಲಿ ಅದರ ಹೆಸರು ಹೇಳಿದರೆ ಆ ಟರ್ಮಿನಲ್ ಕಿಟಕಿಯ ಮಟ್ಟಿಗೆ ಬಂದು, ಕಿಟಕಿ ಮುಚ್ಚಿದಾಗ ಕಣ್ಮರೆಯಾಗುತ್ತದೆ. ಡೌನ್‌ಲೋಡ್ ಆದ ಪ್ರತಿ ಸ್ಟೋರ್‌ನಲ್ಲಿ ಇರುತ್ತದೆ, ಬಳಕೆಯಲ್ಲಿಲ್ಲದ್ದನ್ನು ಅಳಿಸುವ ಮುಂದಿನ ಸ್ವಚ್ಛತೆಯಲ್ಲಿ ಅದೂ ಹೋಗುತ್ತದೆ. ನಾನು ನಿಕ್ಸ್‌ನಲ್ಲಿ ದಿನವೂ ಬಳಸುವುದು ಇದನ್ನೇ. ಉಳಿದದ್ದನ್ನೆಲ್ಲ ಕಿತ್ತುಕೊಂಡರೂ ಇದೊಂದನ್ನು ಬಿಟ್ಟುಕೊಡಲಾರೆ.

ಅಪ್‌ಡೇಟ್ ಕೆಡುವ ವಿಚಾರ. ನೀವು ಮರುಕಟ್ಟಿದಾಗಲೆಲ್ಲ ಸಿಸ್ಟಮ್‌ನ ಹೊಸ ತಲೆಮಾರು ತಯಾರಾಗುತ್ತದೆ. ಎಲ್ಲವೂ ಪೂರ್ತಿ ಸಿದ್ಧವಾದ ಮೇಲಷ್ಟೇ, ‘ಈಗಿನ ಸಿಸ್ಟಮ್’ ಎಂದು ತೋರಿಸುವ ಒಂದು ಕೊಂಡಿ ಹಳೆಯದರಿಂದ ಹೊಸದಕ್ಕೆ ತಿರುಗುತ್ತದೆ. ಕಟ್ಟುವ ಮಧ್ಯದಲ್ಲಿ ವಿದ್ಯುತ್ ಹೋದರೆ ಹಳೆಯದು ಹಾಗೇ ಇರುತ್ತದೆ. ಅರ್ಧ ಹೊಸತು, ಅರ್ಧ ಹಳತು ಎಂಬ ತ್ರಿಶಂಕು ಸ್ಥಿತಿ ಬರುವುದಿಲ್ಲ. ಗ್ರಾಫಿಕ್ಸ್ ಡ್ರೈವರ್ ಕೆಟ್ಟು ಪರದೆ ಕಪ್ಪಾಯಿತೇ? ಮರಳಿ ಆರಂಭಿಸಿ, ಬೂಟ್ ಮೆನುವಿನಲ್ಲಿ ಸಾಲಾಗಿ ಕಾಣುವ ಹಳೆಯ ತಲೆಮಾರುಗಳಲ್ಲಿ ನಿನ್ನೆಯದನ್ನು ಆರಿಸಿ. ಹಳೆಯ ಕರ್ನಲ್, ಹಳೆಯ ಡ್ರೈವರ್, ಹಳೆಯ ಲೈಬ್ರರಿಗಳು ಒಟ್ಟಿಗೆ ಬರುತ್ತವೆ. ತುರ್ತು ಕೆಲಸವಿರುವ ದಿನ ಈ ಮೆನುವಿನ ಬೆಲೆ ತಿಳಿಯುತ್ತದೆ. ಧೈರ್ಯ ಸಾಲದಿದ್ದರೆ ಹೊಸ ಸಂರಚನೆಯನ್ನು ಮೊದಲು ವರ್ಚುವಲ್ ಮಷೀನ್ ಆಗಿ ಕಟ್ಟಿ ನೋಡುವ ವ್ಯವಸ್ಥೆಯೂ ಇದೆ.

ಇಲ್ಲಿ ಒಂದು ಮಾತನ್ನು ಉತ್ಸಾಹಿಗಳು ನಿಮಗೆ ಹೇಳಿರಲಾರರು. ಹಿಂದಕ್ಕೆ ಹೋಗುವುದು ಸಿಸ್ಟಮ್ ಮಾತ್ರ, ನಿಮ್ಮ ದತ್ತಾಂಶವಲ್ಲ. ಹೊಸ ಫೈರ್‌ಫಾಕ್ಸ್ ಒಮ್ಮೆ ತೆರೆದರೆ ನಿಮ್ಮ ಪ್ರೊಫೈಲ್ ಹೊಸ ಆವೃತ್ತಿಗೆ ಏರುತ್ತದೆ. ಹಳೆಯ ತಲೆಮಾರಿಗೆ ಮರಳಿ ಹಳೆಯ ಫೈರ್‌ಫಾಕ್ಸ್ ತೆರೆದರೆ, 2019ರ 67ನೇ ಆವೃತ್ತಿಯಿಂದ ಬಂದ ರಕ್ಷಣೆಯ ಪ್ರಕಾರ, ಅದು ಆ ಪ್ರೊಫೈಲ್ ಮುಟ್ಟದೆ ಹೊಸ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ. ಡೇಟಾಬೇಸ್‌ಗಳದ್ದೂ ಇದೇ ಕಥೆ. ಹೋಮ್ ಫೋಲ್ಡರ್‌ನಲ್ಲಿರುವ ಫೋಟೊ, ಪತ್ರ, ಪಾಸ್‌ವರ್ಡ್ ಯಾವುದೂ ನಿಕ್ಸ್‌ನ ಲೆಕ್ಕದಲ್ಲಿಲ್ಲ. ಬ್ಯಾಕಪ್ ಬೇಕೇ ಬೇಕು. ‘ನನ್ನದು ನಿಕ್ಸ್, ಬ್ಯಾಕಪ್ ಏಕೆ’ ಎನ್ನುವವರಿಂದ ದೂರವಿರಿ.

ನಿಮ್ಮ ಎರಡು ಕಂಪ್ಯೂಟರ್‌ಗಳ ವಿಚಾರದಲ್ಲಿ ‘ಅದೇ ಸಿಸ್ಟಮ್ ಮತ್ತೆ’ ಎಂಬ ಮಾತು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸಂರಚನಾ ಕಡತವನ್ನು, ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ತಂತ್ರಾಂಶದಲ್ಲಿಟ್ಟರೆ ಡೆಸ್ಕ್‌ಟಾಪ್‌ನಲ್ಲಿ ಮಾಡಿದ ಬದಲಾವಣೆ ಲ್ಯಾಪ್‌ಟಾಪ್‌ಗೂ ಬರುತ್ತದೆ. ಡಿಸ್ಕ್, ಗ್ರಾಫಿಕ್ಸ್‌ನಂತಹ ಯಂತ್ರಾಂಶದ ವಿವರಗಳಿಗೆ ಪ್ರತಿ ಕಂಪ್ಯೂಟರ್‌ಗೂ ಒಂದೊಂದು ಚಿಕ್ಕ ಕಡತ. ಫಾಂಟ್, ಕೀಲಿಮಣೆ ವಿನ್ಯಾಸ, ತಂತ್ರಾಂಶಗಳ ಪಟ್ಟಿ ಎರಡಕ್ಕೂ ಒಂದೇ. ಶೆಲ್, ಎಡಿಟರ್ ಮುಂತಾದವುಗಳ ನಿಮ್ಮ ವೈಯಕ್ತಿಕ ಹೊಂದಿಕೆಗಳನ್ನು ಹೋಮ್ ಮ್ಯಾನೇಜರ್ ಎಂಬ ಜೊತೆಗಾರ ಯೋಜನೆ ಇದೇ ರೀತಿ ನೋಡಿಕೊಳ್ಳುತ್ತದೆ. ಆದರೆ ‘ಫೈರ್‌ಫಾಕ್ಸ್ ಬೇಕು’ ಎಂದಷ್ಟೇ ಬರೆದರೆ ಯಾವ ಫೈರ್‌ಫಾಕ್ಸ್ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕಾಗಿ ಲಾಕ್ ಕಡತ ಬೇಕು. ನಿಕ್ಸ್‌ನ ಪ್ಯಾಕೇಜ್ ಸಂಗ್ರಹವಾದ ನಿಕ್ಸ್‌ಪ್ಯಾಕೇಜಸ್‌ನ ಯಾವ ದಿನದ ಯಾವ ಸ್ಥಿತಿಯಿಂದ ಕಟ್ಟಬೇಕು ಎಂಬುದನ್ನು ಅದು ಹ್ಯಾಶ್ ಸಮೇತ ಗುರುತಿಟ್ಟುಕೊಳ್ಳುತ್ತದೆ. ಈ ಸೌಲಭ್ಯ ಕೊಡುವ ‘ಫ್ಲೇಕ್ಸ್’ 2021ರ 2.4ನೇ ಆವೃತ್ತಿಯಲ್ಲಿ ಪ್ರಾಯೋಗಿಕ ಎಂಬ ಹಣೆಪಟ್ಟಿಯೊಂದಿಗೆ ಬಂತು. ಪ್ರಾಯೋಗಿಕ ಎಂದಿದ್ದರೂ ಅಪಾರ ಮಂದಿ ದಿನನಿತ್ಯ ಬಳಸುತ್ತಾರೆ. ನೀವೂ ಬಳಸಿ.

ಲಾಕ್ ಮಾಡಿದ್ದು ತಾನಾಗಿ ಹೊಸದಾಗುವುದಿಲ್ಲ ಎಂಬುದನ್ನೂ ಗಮನಿಸಿ. ಭದ್ರತಾ ದೋಷಗಳೂ ಅಲ್ಲೇ ಲಾಕ್ ಆಗಿರುತ್ತವೆ. ನಿಕ್ಸ್‌ಓಎಸ್‌ನ ಸ್ಥಿರ ಆವೃತ್ತಿ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ ಬರುತ್ತದೆ. ಪ್ರತಿಯೊಂದಕ್ಕೂ ಸುಮಾರು ಏಳು ತಿಂಗಳ ಬೆಂಬಲ. ಅಂದರೆ ಮುಂದಿನದಕ್ಕೆ ದಾಟಲು ನಿಮಗೆ ಸಿಗುವುದು ಒಂದೇ ತಿಂಗಳ ಬಿಡುವು. ಐದು ವರ್ಷ ಮುಟ್ಟದೆ ಇಡುವ ಅಭ್ಯಾಸವಿರುವವರಿಗೆ ಇದು ಕಿರಿಕಿರಿ.

‘ರೀಪ್ರೊಡ್ಯೂಸಿಬಲ್’ (ಮತ್ತೆ ಅದೇ ಫಲ ಬರುವಂಥದ್ದು) ಎಂಬ ಮಾತನ್ನು ಸಡಿಲವಾಗಿ ಬಳಸುವವರೇ ಹೆಚ್ಚು. ಒಂದೇ ಮೂಲದಿಂದ, ಅದೇ ಸಾಧನಗಳಿಂದ ಕಟ್ಟುವುದು ಒಂದು ಮಟ್ಟ. ನಿಕ್ಸ್ ಇದನ್ನು ಚೆನ್ನಾಗಿ ಮಾಡುತ್ತದೆ. ಕಟ್ಟುವ ಪ್ರಕ್ರಿಯೆಯನ್ನು ಹೊರಗಿನ ಸಂಪರ್ಕವಿಲ್ಲದ ಪ್ರತ್ಯೇಕ ಆವರಣದಲ್ಲಿ ನಡೆಸುತ್ತದೆ, ಅಂತರಜಾಲದಿಂದ ಏನನ್ನಾದರೂ ತರುವುದಿದ್ದರೆ ಅದರ ಹ್ಯಾಶ್ ಮೊದಲೇ ಹೇಳಿರಬೇಕು. ಎರಡು ಕಡೆ ಬೇರೆಬೇರೆಯಾಗಿ ಕಟ್ಟಿದರೂ ಕೊನೆಯ ಬಿಟ್‌ವರೆಗೆ ಒಂದೇ ಫಲ ಬರುವುದು ಇನ್ನೊಂದು, ಹೆಚ್ಚು ಕಠಿಣ ಮಟ್ಟ. ಅದು ಪ್ರತಿ ಪ್ಯಾಕೇಜಿನ ಕೋಡ್ ಮೇಲೂ ಅವಲಂಬಿಸಿದೆ, ಎಲ್ಲ ಕಡೆ ಸಾಧಿಸಿಲ್ಲ. ಸಾಧಿಸಿದರೂ ಮೂಲವೇ ವಿಷವಾಗಿದ್ದರೆ? 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಪತ್ತೆಯಾಯಿತು. ಅದನ್ನು ಚಾಲೂ ಮಾಡುವ ತುಣುಕು ಗಿಟ್ ಕೋಡ್‌ನಲ್ಲಿ ಇರಲಿಲ್ಲ, ಬಿಡುಗಡೆಗೆಂದು ಗಂಟು ಕಟ್ಟಿದ ಟಾರ್ ಕಡತದಲ್ಲಿ ಮಾತ್ರ ಇತ್ತು. ನಿಕ್ಸ್‌ನ ಅಸ್ಥಿರ ಶಾಖೆಗೂ ಆ ಆವೃತ್ತಿ ಬಂದಿತ್ತು. ಡೆಬಿಯನ್ ಪ್ಯಾಕೇಜ್ ಅಥವಾ ಫೆಡೋರಾದಂತಹವು ಬಳಸುವ ಆರ್‌ಪಿಎಂ ಪ್ಯಾಕೇಜ್ ಕಟ್ಟುವಾಗ ಮಾತ್ರ ಕೆಲಸ ಮಾಡುವಂತೆ ಅದನ್ನು ಬರೆದಿದ್ದರಿಂದ ಇಲ್ಲಿ ಅದು ಎಚ್ಚರಗೊಳ್ಳಲಿಲ್ಲ. ಇದರಲ್ಲಿ ನಿಕ್ಸ್‌ನ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ‘ನನ್ನ ಕಂಪ್ಯೂಟರ್‌ನಲ್ಲಿ ಆ ಆವೃತ್ತಿ ಇದೆಯೇ, ಇದ್ದರೆ ಯಾವ ಪ್ಯಾಕೇಜ್ ಅದನ್ನು ಎಳೆದು ತಂದಿದೆ’ ಎಂಬ ಪ್ರಶ್ನೆಗೆ ಒಂದೇ ಕಮಾಂಡ್‌ನಲ್ಲಿ ಖಚಿತ ಉತ್ತರ ಸಿಗುತ್ತದೆ. ಅಂಥ ದಿನ ಅದು ಸಣ್ಣ ಸಮಾಧಾನವೇನಲ್ಲ.

ಇನ್ನು ತೆರಬೇಕಾದ ಬೆಲೆ. ಮೊದಲನೆಯದು ಭಾಷೆ. ಸಂರಚನೆ ಬರೆಯುವುದು ನಿಕ್ಸ್ ಎಂಬ ಹೆಸರಿನದೇ ಫಂಕ್ಷನಲ್ ಭಾಷೆಯಲ್ಲಿ. ಪಟ್ಟಿಗೆ ಹೆಸರು ಸೇರಿಸುವವರೆಗೆ ಏನೂ ಕಷ್ಟವಿಲ್ಲ. ಒಂದು ಅರ್ಧವಿರಾಮ ಚಿಹ್ನೆ ಬಿಟ್ಟಾಗ ಬರುವ ದೋಷಸಂದೇಶವೋ ಮಾರುದ್ದ, ಅದರಲ್ಲಿ ಬೇಕಾದ ಸಾಲು ಹುಡುಕುವುದೇ ಒಂದು ವಿದ್ಯೆ. ದಾಖಲೆಗಳು ಚದುರಿಹೋಗಿವೆ, ಕೆಲವು ಹಳಸಿವೆ.

ಎರಡನೆಯದು ಇದಕ್ಕಿಂತ ಹೆಚ್ಚು ನೋಯಿಸುತ್ತದೆ. ಯಾವುದೋ ಕಂಪನಿಯ ತಾಣದಿಂದ ಸಿದ್ಧ ಪ್ರೋಗ್ರಾಂ ಇಳಿಸಿಕೊಂಡು ನಿಕ್ಸ್‌ಓಎಸ್‌ನಲ್ಲಿ ಓಡಿಸಲು ಹೋಗುತ್ತೀರಿ. ಕಡತ ಕಣ್ಣೆದುರೇ ಇದೆ, ಆದರೂ ಓಡುವುದಿಲ್ಲ. ಹಿಂದೆ ಸಿಸ್ಟಮ್ ‘ಅಂಥ ಕಡತವಿಲ್ಲ’ ಎನ್ನುತ್ತಿತ್ತು. ಇತ್ತೀಚಿನ ಆವೃತ್ತಿಗಳಲ್ಲಿ ಕಾರಣ ವಿವರಿಸುವ ಸಂದೇಶ ಬರುತ್ತದೆ. ಇಲ್ಲದಿರುವುದು ಆ ಪ್ರೋಗ್ರಾಂ ಅಲ್ಲ, ಅದನ್ನು ಮೆಮೊರಿಗೆ ಏರಿಸುವ ಲೋಡರ್. ಬೇರೆ ಲಿನಕ್ಸ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇರುವ ಅದು ಇಲ್ಲಿ ಸ್ಟೋರ್‌ನೊಳಗೆ ಇದೆ. ಪೈಥಾನ್ ಭಾಷೆಯ ಪ್ಯಾಕೇಜ್‌ಗಳನ್ನು ತರುವ ಪಿಪ್ ಮೂಲಕ ಇಳಿಸಿದ, ಮೊದಲೇ ಕಂಪೈಲ್ ಆದ ಪ್ಯಾಕೇಜ್‌ಗಳೂ ಸಿ++ ಲೈಬ್ರರಿ ಸಿಗದೆ ಹೀಗೇ ಮುಗ್ಗರಿಸುತ್ತವೆ. ನಿಕ್ಸ್-ಎಲ್‌ಡಿ ಎಂಬ ಸೌಲಭ್ಯ ಸಾಕಷ್ಟು ಮಟ್ಟಿಗೆ ಇದನ್ನು ಪರಿಹರಿಸುತ್ತದೆ. ನಿಕ್ಸ್‌ಪ್ಯಾಕೇಜಸ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ಯಾಕೇಜ್‌ಗಳಿರುವುದರಿಂದ ಹೊರಗಿನಿಂದ ಇಳಿಸುವ ಸಂದರ್ಭ ಕಡಿಮೆ. ಆದರೂ ನಿಮ್ಮ ಕೆಲಸ ಅಂಥ ಸಿದ್ಧ ಪ್ರೋಗ್ರಾಂಗಳ ಮೇಲೇ ನಿಂತಿದ್ದರೆ ಮೊದಲು ಯೋಚಿಸಿ.

ಡಿಸ್ಕ್ ಜಾಗ ತುಂಬುತ್ತದೆ, ಏಕೆಂದರೆ ಹಳೆಯ ತಲೆಮಾರುಗಳೆಲ್ಲ ಉಳಿದಿರುತ್ತವೆ. ತಿಂಗಳು ದಾಟಿದವನ್ನು ಅಳಿಸುವಂತೆ ಸಂರಚನೆಯಲ್ಲೇ ಒಂದೆರಡು ಸಾಲು ಹಾಕಬಹುದು. ಬೂಟ್ ವಿಭಾಗ ಚಿಕ್ಕದಾಗಿದ್ದರೆ ಮೊದಲು ತುಂಬುವುದು ಅದೇ, ಅಲ್ಲಿ ಹಲವು ತಲೆಮಾರುಗಳ ಕರ್ನಲ್‌ಗಳು ಕೂತಿರುತ್ತವೆ. ಮೆನುವಿನಲ್ಲಿ ಹತ್ತು ತಲೆಮಾರು ಸಾಕು ಎಂದು ಮಿತಿ ಹಾಕಿ, ಹೊಸದಾಗಿ ಹಾಕುವಾಗ ಆ ವಿಭಾಗಕ್ಕೆ ಒಂದು ಜಿಬಿ ಕೊಡಿ. ಇನ್ನೆರಡು ಎಚ್ಚರಿಕೆ. ಸಂರಚನೆಯಲ್ಲಿ ಪಾಸ್‌ವರ್ಡನ್ನು ನೇರವಾಗಿ ಬರೆಯಬೇಡಿ. ಸ್ಟೋರ್‌ನ ಕಡತಗಳನ್ನು ಆ ಕಂಪ್ಯೂಟರ್‌ನ ಯಾವ ಬಳಕೆದಾರರಾದರೂ ಓದಬಹುದು. ‘ಸ್ಟೇಟ್‌ವರ್ಷನ್’ ಎಂಬ ಸಾಲನ್ನು, ಅದರಲ್ಲಿ ಹಳೆಯ ಸಂಖ್ಯೆ ಇದೆಯಲ್ಲ ಎಂದು, ಪ್ರತಿ ಅಪ್‌ಗ್ರೇಡ್‌ನಲ್ಲಿ ತಿದ್ದಬೇಡಿ. ಅದು ನೀವು ಮೊದಲು ಹಾಕಿದ ಆವೃತ್ತಿಯ ಗುರುತು, ಹಾಗೇ ಇರಬೇಕು.

ಇದೇ ದಾರಿಯ ಇನ್ನೊಂದು ಯೋಜನೆ ಗ್ನೂ ಗೀಕ್ಸ್, 2012ರಲ್ಲಿ ಲುಡೊವಿಕ್ ಕೂರ್ಟೆಸ್ ಅವರಿಂದ ಆರಂಭವಾದದ್ದು. ಭಾಷೆ ಸ್ಕೀಮ್, ನನ್ನ ಕಣ್ಣಿಗೆ ನಿಕ್ಸ್ ಭಾಷೆಗಿಂತ ಅಚ್ಚುಕಟ್ಟು. ಆದರೆ ಅದರ ಅಧಿಕೃತ ಸಂಗ್ರಹದಲ್ಲಿ ಮುಕ್ತವಲ್ಲದ ಫರ್ಮ್‌ವೇರ್‌ಗೆ (ಯಂತ್ರಾಂಶದೊಳಗೆ ಓಡುವ ತಂತ್ರಾಂಶ) ಸ್ಥಾನವಿಲ್ಲದ್ದರಿಂದ ಅನೇಕ ಲ್ಯಾಪ್‌ಟಾಪ್‌ಗಳ ವೈಫೈ ನೇರವಾಗಿ ಕೆಲಸ ಮಾಡುವುದಿಲ್ಲ. ತತ್ವಕ್ಕೆ ಗೌರವವಿದೆ, ಆದರೆ ಮೊದಲ ಹೆಜ್ಜೆಗೆ ನಿಮಗೆ ಶಿಫಾರಸು ಮಾಡಲಾರೆ.

ಎಲ್ಲಿಂದ ಆರಂಭಿಸುವುದು? ಡಿಸ್ಕ್ ಅಳಿಸಬೇಡಿ. ಈಗಿರುವ ಲಿನಕ್ಸ್‌ನ ಮೇಲೆಯೇ ನಿಕ್ಸ್ ಪ್ಯಾಕೇಜ್ ಮ್ಯಾನೇಜರ್ ಹಾಕಬಹುದು. ಮ್ಯಾಕ್‌ನಲ್ಲೂ ಅದು ನಡೆಯುತ್ತದೆ. ತನ್ನ ಸ್ಟೋರ್‌ನೊಳಗೆ ತಾನಿರುವ ಅದು ನಿಮ್ಮ ಎಪಿಟಿಯ ತಂಟೆಗೆ ಹೋಗುವುದಿಲ್ಲ. ಮೊದಲು ತಾತ್ಕಾಲಿಕ ಶೆಲ್ ಬಳಸಿ ನೋಡಿ, ಆಮೇಲೆ ಹೋಮ್ ಮ್ಯಾನೇಜರ್‌ನಲ್ಲಿ ನಿಮ್ಮ ತಂತ್ರಾಂಶಗಳನ್ನು ಒಂದೊಂದಾಗಿ ಬರೆಯುತ್ತಾ ಹೋಗಿ. ಬರೆಯುವಾಗ ಪ್ರತಿ ಸಾಲಿನ ಪಕ್ಕ ಅದು ಏಕೆ ಬೇಕಾಯಿತು ಎಂದು ಟಿಪ್ಪಣಿ ಹಾಕಿ. ಈ ಟಿಪ್ಪಣಿ ಸಣ್ಣದೆನಿಸಬಹುದು, ಆದರೆ ವರ್ಷದ ಮೇಲೆ ಯಾವ ಸಾಲು ಅಳಿಸಬಹುದು ಎಂದು ನಿರ್ಧರಿಸುವುದು ಅದನ್ನು ನೋಡಿಯೇ. ಹೀಗೆ ಪಟ್ಟಿ ಬೆಳೆದ ಮೇಲೆ, ನಿಮ್ಮ ರೂಢಿಯಂತೆ ಮುಂದಿನ ಸಲ ಎಲ್ಲ ಅಳಿಸುವ ಕಾಲ ಬಂದಾಗ, ಅದೇ ಪಟ್ಟಿಯೊಂದಿಗೆ ನಿಕ್ಸ್‌ಓಎಸ್‌ಗೆ ದಾಟಿ. ಲ್ಯಾಪ್‌ಟಾಪ್ ಮೊದಲು, ಡೆಸ್ಕ್‌ಟಾಪ್ ಆಮೇಲೆ.

ತಂಗಿಯ ಲ್ಯಾಪ್‌ಟಾಪ್ ವಿಚಾರ. ಅವರು ಬ್ರೌಸರ್, ಕಚೇರಿ ತಂತ್ರಾಂಶ, ವಿಡಿಯೊ ಕರೆ ಇಷ್ಟರಲ್ಲೇ ಇದ್ದು, ಹೊಸದೇನಾದರೂ ಬೇಕಾದಾಗ ನಿಮ್ಮನ್ನೇ ಕೇಳುವವರಾದರೆ ನಿಕ್ಸ್‌ಓಎಸ್ ಚೆನ್ನಾಗಿ ಹೊಂದುತ್ತದೆ. ಅವರ ಸಂರಚನೆಯನ್ನು ನಿಮ್ಮದರ ಪಕ್ಕದಲ್ಲೇ ಇಟ್ಟುಕೊಂಡು ದೂರದಿಂದಲೇ ಹೊಸದಾಗಿಸಬಹುದು. ಏನಾದರೂ ಕೆಟ್ಟರೆ ‘ಮೆನುವಿನಲ್ಲಿ ಎರಡನೆಯ ಸಾಲು ಒತ್ತಮ್ಮ’ ಎಂದು ಫೋನಿನಲ್ಲಿ ಹೇಳಿದರೆ ಆಯಿತು. ತಮಗೆ ಬೇಕಾದ್ದನ್ನು ತಾವೇ ಹಾಕಿಕೊಳ್ಳುವ ಸ್ವಭಾವದವರಾದರೆ ಬೇಡ. ಅವರಿಗೆ ಫೆಡೋರಾ ಸಿಲ್ವರ್‌ಬ್ಲೂ ಎಂಬ ಲಿನಕ್ಸ್ ಕೊಡಿ. ಅಲ್ಲಿ ಮೂಲ ಸಿಸ್ಟಮ್ ಒಂದೇ ಗಂಟಾಗಿ ಬರುತ್ತದೆ, ಹಿಂದಿನ ಗಂಟು ಬೂಟ್ ಮೆನುವಿನಲ್ಲಿ ಉಳಿದಿರುತ್ತದೆ, ಅಪ್ಲಿಕೇಶನ್‌ಗಳನ್ನು ಫ್ಲಾಟ್‌ಪ್ಯಾಕ್ ಎಂಬ ಪ್ಯಾಕೇಜ್ ರೂಪದಲ್ಲಿ ಸಾಫ್ಟ್‌ವೇರ್ ಕಿಟಕಿಯಿಂದಲೇ ಹಾಕಿಕೊಳ್ಳಬಹುದು. ಯಾವ ಕಡತದಲ್ಲೂ ಏನನ್ನೂ ಬರೆಯಬೇಕಿಲ್ಲ.